ರಾತ್ರಿ ದುಡಿಮೆಗೆ ಎಲ್‌ಇಡಿ ದೀಪ: ಬಲ್ಬು ಬದಲಿಸುವ ಮೊದಲು ವೈರು ನೋಡಿ

(ಬೆಂಗಳೂರಿನ ಬಿನ್ನಿಪೇಟೆಯಲ್ಲಿ ಸೇರಿದ್ದ ರೈತರು, ಟ್ರ್ಯಾಕ್ಟರ್ ಮತ್ತು ಟಿಲ್ಲರ್ ರಿಪೇರಿಗಾರರು ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ದೀಪದ ವಿಷಯ ಮಾತನಾಡಲು ಬಿನ್ನಿಪೇಟೆ ತಕ್ಕ ಸ್ಥಳವೇ ಸರಿ. 1884ರಲ್ಲಿ ಸ್ಥಾಪನೆಯಾದ ಬೆಂಗಳೂರು ವುಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಲು, ಅಂದರೆ ಜನರ ಬಾಯಲ್ಲಿ ಬಿನ್ನಿ ಮಿಲ್ಲು, ಈ ಪೇಟೆಗೆ ಹೆಸರು ತಂದಿತು. ಮಿಲ್ಲು ನಿಂತುಹೋಗಿ ಆ ಜಾಗದಲ್ಲಿ ಈಗ ಬಹುಮಹಡಿ ಕಟ್ಟಡಗಳು ಎದ್ದಿವೆ. ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಇಂದು ಟ್ರ್ಯಾಕ್ಟರಿನ ದೀಪ, ಹೋಲ್ಡರು, ವೈರು ಬೇಕೆಂದರೆ ರೈತರು ಜೆ.ಸಿ. ರಸ್ತೆಗೆ ಬರುತ್ತಾರೆ, ಡಯೋಡು, ಕೆಪಾಸಿಟರ್ ಬೇಕೆಂದರೆ ಎಸ್.ಪಿ. ರಸ್ತೆಗೆ ಹೋಗುತ್ತಾರೆ. ಎರಡೂ ಇಲ್ಲಿಂದ ಹೆಚ್ಚು ದೂರವಿಲ್ಲ. ಇನ್ನು ಪಕ್ಕದಲ್ಲೇ ಇರುವ ಮೈಸೂರು ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ದಾಟಿ ಮಂಡ್ಯದ ಕಬ್ಬಿನ ಸೀಮೆಗೆ ಹೋಗುತ್ತದೆ. ಸಾಮಾನು ಸಿಗುವುದು ಇಲ್ಲಿ, ಅದು ಉರಿಯಬೇಕಾದದ್ದು ಅಲ್ಲಿ.

ರಾತ್ರಿ ಕೆಲಸ ನಮಗೆ ಹೊಸದಲ್ಲ. ಮೂರು ಫೇಸ್ ಕರೆಂಟು ರಾತ್ರಿ ಬಂದರೆ ನೀರು ಹಾಯಿಸುವುದು ರಾತ್ರಿಯೇ. ನಾಟಿಯ ಕಾಲದಲ್ಲಿ ಬಾಡಿಗೆ ಟಿಲ್ಲರ್ ಸಿಕ್ಕಿದ ಹೊತ್ತೇ ನಮ್ಮ ಹೊತ್ತು. ಕಬ್ಬಿನ ಲೋಡು ಕಾರ್ಖಾನೆಯ ಸರದಿಗೆ ಸರಿಯಾಗಿ ಹೊರಡಬೇಕು. ಆದುದರಿಂದ ದೀಪ ಒಂದು ಅಲಂಕಾರದ ಸಾಮಾನಲ್ಲ. ನೇಗಿಲು, ಕುಂಟೆಗಳಂತೆ ಅದೂ ಒಂದು ಉಪಕರಣ. ಅದು ಕೈಕೊಟ್ಟರೆ ಹೋಗುವುದು ಬೆಳೆಯಲ್ಲ, ಕೈಕಾಲು, ಕೆಲವೊಮ್ಮೆ ಜೀವ.

ಎಲ್‌ಇಡಿಯಿಂದ ಏನು ಲಾಭ?

ಹಳೆಯ ಬಲ್ಬಿನಲ್ಲಿ ತಂತಿ ಕಾದು ಕೆಂಪಾಗಿ, ಬಿಳುಪಾಗಿ ಬೆಳಕು ಕೊಡುತ್ತದೆ. ಒಳಗೆ ಹೋದ ವಿದ್ಯುತ್ತಿನ ಬಹುಪಾಲು ಶಾಖವಾಗಿ ವ್ಯರ್ಥವಾಗುತ್ತದೆ. ಎಲ್‌ಇಡಿಯಲ್ಲಿ ತಂತಿ ಇಲ್ಲ. ಅರೆವಾಹಕದ ಒಂದು ಸಣ್ಣ ತುಣುಕು ನೇರವಾಗಿ ಬೆಳಕು ಕೊಡುತ್ತದೆ. ಕೆಂಪು ಎಲ್‌ಇಡಿ 1962ರಷ್ಟು ಹಳೆಯದು. ಬಿಳಿ ಬೆಳಕಿಗೆ ದಾರಿ ಮಾಡಿದ ನೀಲಿ ಎಲ್‌ಇಡಿ ಬಂದದ್ದು 1990ರ ದಶಕದಲ್ಲಿ; ಅದಕ್ಕಾಗಿ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ನಮಗೆ ಬೇಕಾದ ಲೆಕ್ಕ ಇಷ್ಟು. 55 ವ್ಯಾಟಿನ ಒಂದು ಹ್ಯಾಲೊಜೆನ್ ಬಲ್ಬು 12 ವೋಲ್ಟಿನಲ್ಲಿ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಎರಡು ಬಲ್ಬಿಗೆ 9 ಆಂಪಿಯರ್. ಅದೇ 18 ವ್ಯಾಟಿನ ಎರಡು ಎಲ್‌ಇಡಿ ದೀಪಗಳಿಗೆ 3 ಆಂಪಿಯರ್ ಸಾಕು. ಇಂಜಿನ್ ನಿಲ್ಲಿಸಿ, 60 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧವನ್ನು ಮಾತ್ರ ಬಳಸುತ್ತೇವೆ ಎಂದುಕೊಳ್ಳೋಣ. ಹಳೆಯ ಬಲ್ಬುಗಳು ಮೂರು ಗಂಟೆಯ ಸ್ವಲ್ಪ ಮೇಲೆ ಉರಿಯುತ್ತವೆ. ಎಲ್‌ಇಡಿ 10 ಗಂಟೆ ಉರಿಯುತ್ತದೆ. ಕಣದಲ್ಲಿ ಒಕ್ಕಣೆಗೆ, ಲೋಡು ತುಂಬುವಾಗ, ಪಂಪಿನ ಬಳಿ ರಿಪೇರಿಗೆ ಇದು ದೊಡ್ಡ ಅನುಕೂಲ. ಅಲ್ಲದೆ ಟಿಲ್ಲರಿನ ನಡುಕಕ್ಕೆ ಬಲ್ಬಿನ ತಂತಿ ತುಂಡಾಗುವುದು ತಮಗೆಲ್ಲ ತಿಳಿದಿದೆ. ಎಲ್‌ಇಡಿಗೆ ಆ ಭಯ ಕಡಿಮೆ.

ಇಷ್ಟೆಲ್ಲ ಲಾಭವಿದ್ದ ಮೇಲೆ ಹಳೆಯದನ್ನು ಕಿತ್ತು ಹೊಸದನ್ನು ಹಾಕಿದರೆ ಮುಗಿಯಿತಲ್ಲ ಎಂದು ನಾನೂ ಒಮ್ಮೆ ಭಾವಿಸಿದ್ದೆ.

ನಾನು ಮಾಡಿದ ತಪ್ಪು

ನಮ್ಮ ಊರಿನ ಮನೆಯಲ್ಲಿ ಕೈಯಿಂದ ತಿರುಗಿಸಿ ಚಾಲೂ ಮಾಡುವ ಒಂದು ಹಳೆಯ ಟಿಲ್ಲರ್ ಇದೆ. ಅದಕ್ಕೆ ಬ್ಯಾಟರಿ ಇಲ್ಲ. ಪೇಟೆಯಿಂದ ಒಂದು ಎಲ್‌ಇಡಿ ದೀಪ ಒಯ್ದು, ಹಳೆಯ ಬಲ್ಬಿನ ಎರಡು ವೈರಿಗೇ ಜೋಡಿಸಿದೆ. ಇಂಜಿನ್ ನಿಧಾನವಾಗಿದ್ದಾಗ ದೀಪ ಮಿಣಮಿಣ ಎಂದಿತು; ಸ್ವಲ್ಪ ಏರಿಸಿದಾಗ ಚೆನ್ನಾಗಿಯೇ ಉರಿಯಿತು. ಆ ರಾತ್ರಿ ತಮ್ಮ ಗದ್ದೆಗೆ ಇಳಿದ. ಕೆಸರಿನಲ್ಲಿ ಎಳೆತ ಹೆಚ್ಚಾಗಿ ಪೂರ್ತಿ ವೇಗ ಕೊಟ್ಟ ಕ್ಷಣದಲ್ಲಿ ದೀಪ ಆರಿಹೋಯಿತು. ಹಿಂದೆ ರೋಟರಿಯ ಬ್ಲೇಡುಗಳು ತಿರುಗುತ್ತಿವೆ, ಮುಂದೆ ಬದು, ಸುತ್ತ ಕತ್ತಲು. ಅವನು ಗಾಬರಿಯಾಗದೆ ಕ್ಲಚ್ಚು ಎಳೆದು ನಿಂತ. ಮನೆಗೆ ಬಂದು, "ಅಣ್ಣಾ, ನಿನ್ನ ಹೊಸ ದೀಪಕ್ಕಿಂತ ನಮ್ಮ ಹಳೇ ಬಲ್ಬೇ ವಾಸಿ ಕಣೋ" ಎಂದ. ಅಷ್ಟೇ ಅಂದ. ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ತಪ್ಪು ದೀಪದ್ದಲ್ಲ, ಟಿಲ್ಲರಿನದ್ದೂ ಅಲ್ಲ. ವಿದ್ಯುತ್ತು ಎಲ್ಲಿಂದ ಬರುತ್ತದೆಂದು ನೋಡದ ನನ್ನದು. ಇಂದಿನ ಮಾತಿನ ತಿರುಳೇ ಅದು.

ಮೊದಲ ಪ್ರಶ್ನೆ: ವಿದ್ಯುತ್ತು ಎಲ್ಲಿಂದ?

ದೀಪಕ್ಕೆ ವಿದ್ಯುತ್ತು ಬರುವ ದಾರಿ ಮುಖ್ಯವಾಗಿ ಎರಡು.

1. ಬ್ಯಾಟರಿಯಿಂದ. ಸಾಮಾನ್ಯವಾಗಿ ಟ್ರ್ಯಾಕ್ಟರುಗಳಲ್ಲಿ ಹೀಗೆ. ಇದು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ವಿದ್ಯುತ್ತು. ಇಂಜಿನ್ ಓಡುವಾಗ ಆಲ್ಟರ್ನೇಟರ್ ಬ್ಯಾಟರಿಯನ್ನು ಸುಮಾರು 14 ವೋಲ್ಟಿನಲ್ಲಿ ಇರಿಸುತ್ತದೆ.

2. ನೇರವಾಗಿ ಕಾಯಿಲಿನಿಂದ. ಬ್ಯಾಟರಿಯಿಲ್ಲದ ಟಿಲ್ಲರುಗಳಲ್ಲಿ ಆಯಸ್ಕಾಂತದ ಎದುರು ಇರುವ ಕಾಯಿಲು ಇಂಜಿನ್ನಿನ ಜೊತೆಗೆ ವಿದ್ಯುತ್ತು ಹುಟ್ಟಿಸುತ್ತದೆ. ಇದು ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ವಿದ್ಯುತ್ತು. ಇಂಜಿನ್ನಿನ ವೇಗ ಏರಿದಂತೆ ವೋಲ್ಟೇಜೂ ಏರುತ್ತದೆ.

ಹುಲ್ಲುಹಾಸಿನ ಮೇಲೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಈ ಎರಡೂ ಒಟ್ಟಿಗೆ ಇರಬಹುದು. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಇಂಜಿನ್ನುಗಳ ಒಂದು ಬಗೆಯಲ್ಲಿ ಫ್ಲೈವೀಲಿನ ಕೆಳಗಿನ ಕಾಯಿಲಿನಿಂದ ಎರಡು ವೈರು ಹೊರಡುತ್ತವೆ. ಒಂದು ಡಯೋಡಿನ ಮೂಲಕ ಬ್ಯಾಟರಿಗೆ, ಇನ್ನೊಂದು ಎ.ಸಿ. ಆಗಿಯೇ ದೀಪಕ್ಕೆ. ಬ್ಯಾಟರಿ ಕಣ್ಣಿಗೆ ಕಂಡಿತೆಂದು ದೀಪ ಅದರಿಂದಲೇ ಉರಿಯುತ್ತದೆ ಎಂದು ತಿಳಿಯಬಾರದು. ಅಮೆರಿಕದಲ್ಲಿ ಇಂಥ ಯಂತ್ರಕ್ಕೆ ಎಲ್‌ಇಡಿ ಹಾಕಿದವರು ಎಡವುವುದು ಇಲ್ಲಿಯೇ. ತೋಟ, ಕ್ರೀಡಾಂಗಣಗಳಲ್ಲಿ ಇಂಥ ಯಂತ್ರ ಇಟ್ಟುಕೊಂಡವರು ಇದನ್ನು ಗಮನಿಸಬೇಕು.

ಪರೀಕ್ಷೆ ಸುಲಭ. ದೀಪ ಹಾಕಿ ಇಂಜಿನ್ ನಿಲ್ಲಿಸಿ. ದೀಪ ಉರಿಯುತ್ತಲೇ ಇದ್ದರೆ ಬ್ಯಾಟರಿ. ಇಂಜಿನ್ನಿನ ಜೊತೆಗೇ ಆರಿದರೆ, ವೇಗಕ್ಕೆ ತಕ್ಕಂತೆ ಬೆಳಕು ಏರಿ ಇಳಿದರೆ ಅದು ಕಾಯಿಲು. ಕೀಲಿ ತಿರುಗಿಸಿದೊಡನೆ ದೀಪವೂ ಕಡಿತಗೊಳ್ಳುವ ಯಂತ್ರಗಳಲ್ಲಿ ಇಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ ನೋಡಿ. ಮಲ್ಟಿಮೀಟರ್ ಇರುವವರು ಬಲ್ಬಿನ ತುದಿಗಳಲ್ಲಿ ಎ.ಸಿ. ಮತ್ತು ಡಿ.ಸಿ. ಎರಡನ್ನೂ, ನಿಧಾನ ಮತ್ತು ಪೂರ್ತಿ ವೇಗ ಎರಡರಲ್ಲೂ ಅಳೆದು ಬರೆದಿಟ್ಟುಕೊಳ್ಳಬೇಕು.

ಕಾಯಿಲಿನ ದೀಪಕ್ಕೆ ಎಚ್ಚರ

ಬ್ಯಾಟರಿಯಿಲ್ಲದ ಸಣ್ಣ ಯಂತ್ರಗಳಲ್ಲಿ ವೋಲ್ಟೇಜನ್ನು ಹಿಡಿದಿಡುವ ಬೇರೆ ಸಾಧನ ಇಲ್ಲದೆ, ಬಲ್ಬೇ ಆ ಕೆಲಸ ಮಾಡುತ್ತಿರಬಹುದು. ಬಾವಿಯಿಂದ ನೀರು ಎತ್ತುವಾಗ ತುಂಬಿದ ಕೊಡ ಹಗ್ಗವನ್ನು ಬಿಗಿಯಾಗಿ ಹಿಡಿದಿಡುವಂತೆ, ಬಲ್ಬಿನ ಭಾರ ಕಾಯಿಲನ್ನು ಹಿಡಿತದಲ್ಲಿ ಇಡುತ್ತದೆ. ಆ ಭಾರ ತೆಗೆದು ಹಗುರವಾದ ಎಲ್‌ಇಡಿ ಹಾಕಿದರೆ ವೋಲ್ಟೇಜ್ ಹಾರುತ್ತದೆ. ನಮ್ಮ ಟಿಲ್ಲರಿನಲ್ಲಿ ಬಲ್ಬು ತೆಗೆದು ಪೂರ್ತಿ ವೇಗದಲ್ಲಿ ಅಳೆದಾಗ ಮೀಟರು 30 ದಾಟಿತು. ದೀಪ ಸುಟ್ಟದ್ದರಲ್ಲಿ ಆಶ್ಚರ್ಯವೇನು?

ಆದುದರಿಂದ ಈ ಕ್ರಮ ಅನುಸರಿಸಬೇಕು:

1. ಎ.ಸಿ.ಯನ್ನು ಡಿ.ಸಿ. ಮಾಡಲು ನಾಲ್ಕು ಡಯೋಡುಗಳ ಬ್ರಿಡ್ಜ್ ರೆಕ್ಟಿಫೈಯರ್ ಬಳಸಬೇಕು. ಮಿನುಗು ಕಡಿಮೆಯಾಗಲು ಅದರ ಮುಂದೆ ಕೆಪಾಸಿಟರ್ ಬೇಕು. 12 ವೋಲ್ಟ್ ಎ.ಸಿ.ಯ ತುದಿ ಸುಮಾರು 17 ವೋಲ್ಟ್ ಇರುತ್ತದೆ ಎಂಬುದನ್ನು ಮರೆಯಬಾರದು. ವೇಗ ಏರಿದಾಗ ಇನ್ನೂ ಹೆಚ್ಚು. 16 ವೋಲ್ಟಿನ ಕೆಪಾಸಿಟರ್ ಇಲ್ಲಿ ನಿಲ್ಲದು. 63 ವೋಲ್ಟ್ ಎಂದು ಬರೆದಿರುವುದನ್ನು ತೆಗೆದುಕೊಳ್ಳಿ.

2. ಕೇವಲ 12 ವೋಲ್ಟ್ ಎಂದು ಬರೆದಿರುವ ದೀಪದ ಬದಲು 10ರಿಂದ 30 ವೋಲ್ಟಿನವರೆಗೆ ತಡೆಯುವ ದೀಪ ಆರಿಸಬೇಕು. ಅಳೆದ ವೋಲ್ಟೇಜ್ ಅದನ್ನೂ ಮೀರಿದರೆ ರೆಗ್ಯುಲೇಟರ್ ಇಲ್ಲದೆ ಹಾಕಕೂಡದು.

3. ಕಾಯಿಲಿನ ಒಂದು ತುದಿ ಇಂಜಿನ್ನಿನ ಮೈಗೆ ಸೇರಿದ್ದರೆ, ಬ್ರಿಡ್ಜಿನಿಂದ ಹೊರಬರುವ ಋಣ ವೈರನ್ನು ಮತ್ತೆ ಮೈಗೆ ಸೇರಿಸಬೇಡಿ. ಸೇರಿಸಿದರೆ ಒಂದು ಡಯೋಡಿನ ಮೂಲಕ ಷಾರ್ಟಾಗಿ ಬ್ರಿಡ್ಜು ಸುಡುತ್ತದೆ. ದೀಪಕ್ಕೆ ಎರಡೂ ವೈರನ್ನು ಪ್ರತ್ಯೇಕವಾಗಿ ಎಳೆಯಿರಿ. ದೀಪದ ಲೋಹದ ಮೈಗೂ ಅದರ ಋಣ ವೈರಿಗೂ ಒಳಗೆ ಸಂಪರ್ಕವಿಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಳ್ಳಿ.

4. ಇಷ್ಟೆಲ್ಲ ಬೇಡವೆನಿಸಿದರೆ ಹಳೆಯ ಬಲ್ಬನ್ನೇ ಇರಿಸಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಅದನ್ನು ಭಾರಕ್ಕಾಗಿ ಉರಿಯಲು ಬಿಟ್ಟು, ಪಕ್ಕದಲ್ಲಿ ಬ್ರಿಡ್ಜಿನೊಂದಿಗೆ ಒಂದು ಸಣ್ಣ ಎಲ್‌ಇಡಿಯನ್ನು ಹೆಚ್ಚುವರಿಯಾಗಿ ಹಾಕಬಹುದು. ನಮ್ಮ ಟಿಲ್ಲರಿನಲ್ಲಿ ಈಗ ಇರುವುದು ಈ ಏರ್ಪಾಡೇ.

ಬ್ಯಾಟರಿಯ ದೀಪಕ್ಕೆ ವೈರೇ ಜೀವಾಳ

ಟ್ರ್ಯಾಕ್ಟರಿನಲ್ಲಿ ಕೆಲಸ ಸುಲಭ, ಆದರೆ ಅಲ್ಲೂ ಮೊದಲು ವೈರು ನೋಡಬೇಕು. ತಂತಿಯ ಬಲ್ಬಿಗೆ ವೋಲ್ಟೇಜು ನೂರಕ್ಕೆ 10 ಭಾಗ ಕಡಿಮೆಯಾದರೆ ಬೆಳಕು ಸುಮಾರು 30 ಭಾಗ ಕಡಿಮೆಯಾಗುತ್ತದೆ. "ದೀಪ ಮಂಕು, ಎಲ್‌ಇಡಿ ಹಾಕಿ" ಎಂದು ಬರುವ ಟ್ರ್ಯಾಕ್ಟರುಗಳಲ್ಲಿ ಎಷ್ಟೋ ಬಾರಿ ದೋಷ ಬಲ್ಬಿನಲ್ಲಿ ಇರುವುದಿಲ್ಲ. ತುಕ್ಕು ಹಿಡಿದ ಅರ್ಥ್, ಸವೆದ ಸ್ವಿಚ್ಚು, ಬಣ್ಣದ ಮೇಲೆ ಬಿಗಿದ ನಟ್ಟು, ಇವು ಬೆಳಕನ್ನು ತಿಂದಿರುತ್ತವೆ.

ಪರೀಕ್ಷಿಸುವುದು ಹೀಗೆ: ದೀಪ ಉರಿಯುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜ್ ಅಳೆಯಿರಿ, ಬಳಿಕ ಬಲ್ಬಿನ ತುದಿಗಳಲ್ಲಿ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ವೈರು ಸರಿಪಡಿಸಬೇಕು. ಅರ್ಥ್ ಬಿಗಿಯುವ ಜಾಗವನ್ನು ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಬಿಗಿದ ಮೇಲೆ ಗ್ರೀಸು ಹಚ್ಚಿ. ಸ್ವಿಚ್ಚಿನ ಬದಲು ರಿಲೇ ಮೂಲಕ ಬ್ಯಾಟರಿಯಿಂದ ನೇರ ವೈರು ಎಳೆದರೆ ಹಳೆಯ ಬಲ್ಬೇ ಹೊಸದಾದಂತೆ ಉರಿಯುವುದುಂಟು. ಇದಕ್ಕೆ ಆಗುವ ಖರ್ಚು ತೀರ ಅಲ್ಪ.

ಎಲ್‌ಇಡಿ ಹಾಕುವಾಗ ಧನ, ಋಣ ತಪ್ಪಬಾರದು. ಬಲ್ಬಿಗೆ ದಿಕ್ಕಿಲ್ಲ, ಎಲ್‌ಇಡಿಗೆ ಇದೆ. ಕೆಲವು ಹಳೆಯ ವಿದೇಶಿ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿಯ ಧನ ತುದಿಯೇ ಚಾಸಿಗೆ ಸೇರಿರುತ್ತದೆ. ಅಲ್ಲಿ ಮೈ ಮುಟ್ಟುವ ವೈರು ಯಾವುದೆಂದು ನೋಡಿಯೇ ಕೈಹಾಕಬೇಕು. 18 ವ್ಯಾಟಿನ ಎರಡು ದೀಪಕ್ಕೆ 5 ಆಂಪಿಯರ್ ಫ್ಯೂಸು ಸಾಕು, ಅದೂ ಬ್ಯಾಟರಿಗೆ ಹತ್ತಿರವಿರಲಿ. ಫ್ಯೂಸಿನ ಜಾಗದಲ್ಲಿ ತಂತಿ ಸುತ್ತುವ ಅಭ್ಯಾಸ ಬಿಡಬೇಕು. ಒಣಹುಲ್ಲಿನ ನಡುವೆ ಕೆಲಸ ಮಾಡುವ ಯಂತ್ರ ಅದು.

ಎಂಥ ದೀಪ, ಎಲ್ಲಿ?

ಇಲ್ಲಿ ಎರಡು ಕೆಲಸ ಬೇರೆ ಬೇರೆ. ಹೊಲದಲ್ಲಿ ಕೆಲಸಕ್ಕೆ ಹರಡುವ ಬೆಳಕು ಬೇಕು. ರಸ್ತೆಯಲ್ಲಿ ತಗ್ಗಿದ, ಅಂಚುಳ್ಳ ಬೆಳಕು ಬೇಕು.

ಹೊಲದ ದೀಪಕ್ಕೆ ಎಲ್‌ಇಡಿಯೇ ಉತ್ತಮ. ನೀರು, ಧೂಳು ಒಳಹೋಗದಂತೆ ಮುಚ್ಚಿದ, ಐ.ಪಿ. 67 ಎಂಬ ಗುರುತಿರುವ ಪೂರ್ಣ ದೀಪ ತೆಗೆದುಕೊಳ್ಳಿ. ಹಿಂಭಾಗದ ಅಲ್ಯೂಮಿನಿಯಂ ರೆಕ್ಕೆಗಳು ಶಾಖ ಹೊರಹಾಕುತ್ತವೆ. ಅವಕ್ಕೆ ಕೆಸರು ಮೆತ್ತಿದರೆ ದೀಪದ ಆಯುಸ್ಸು ಕುಗ್ಗುತ್ತದೆ. ಪೆಟ್ಟಿಗೆಯ ಮೇಲೆ ಬರೆದ ವ್ಯಾಟು ನಂಬಬೇಡಿ. ಎಳೆಯುವ ಆಂಪಿಯರ್ ಅಳೆದು ವೋಲ್ಟಿನಿಂದ ಗುಣಿಸಿದರೆ ನಿಜ ಗೊತ್ತಾಗುತ್ತದೆ. ತೀರ ನೀಲಿ ಛಾಯೆಯ ಬಿಳಿ ಬೆಳಕು ಧೂಳಿನಲ್ಲಿ, ಮಂಜಿನಲ್ಲಿ ಕಣ್ಣಿಗೇ ತಿರುಗಿ ಹೊಡೆದಂತಾಗುತ್ತದೆ. ಹಳದಿ ಕಡೆಗೆ ವಾಲಿದ ಬಿಳಿ ಕಣ್ಣಿಗೆ ಹಿತ, ಹುಳುಗಳೂ ಕಡಿಮೆ ಮುತ್ತುತ್ತವೆ. ದೀಪವನ್ನು ಕಣ್ಣಿನ ಮಟ್ಟದಿಂದ ದೂರ, ಕೆಳಗೆ ಕೂರಿಸಿದರೆ ಧೂಳಿನ ತೆರೆ ಅಷ್ಟು ಕಾಡದು.

ರಸ್ತೆಯ ಹೆಡ್‌ಲೈಟಿಗೆ ಮಾತ್ರ ಆತುರ ಬೇಡ. ಹಳೆಯ ಪ್ರತಿಫಲಕವನ್ನು ಬಲ್ಬಿನ ತಂತಿ ಇರುವ ಸ್ಥಾನಕ್ಕೆ ಸರಿಯಾಗಿ ರೂಪಿಸಿರುತ್ತಾರೆ. ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ಹುಟ್ಟುವ ಜಾಗ ಬದಲಾಗಿ ಕಿರಣ ಮೇಲಕ್ಕೆ, ಪಕ್ಕಕ್ಕೆ ಚೆಲ್ಲುತ್ತದೆ. ನಮಗೆ ದೂರ ಕಾಣದು, ಎದುರಿನವನಿಗೆ ಕಣ್ಣು ಕೋರೈಸುತ್ತದೆ. ತಯಾರಕರು ಒಪ್ಪಿದ ಪೂರ್ಣ ಎಲ್‌ಇಡಿ ಹೆಡ್‌ಲೈಟು ಸಿಕ್ಕರೆ ಹಾಕಿ. ಇಲ್ಲವಾದರೆ ವೈರು, ರಿಲೇ ಸರಿಪಡಿಸಿ ಹ್ಯಾಲೊಜೆನ್ ಬಲ್ಬನ್ನೇ ಉಳಿಸಿಕೊಳ್ಳಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ದೀಪದಿಂದ 8 ಮೀಟರ್ ದೂರದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಕೋರೈಸದಂತೆ ಕಿರಣ ಕೆಳಗೆ ಬಾಗಿರಬೇಕು. ಅದು ನಮ್ಮೆದುರು ಸೈಕಲ್ಲಿನಲ್ಲಿ ಬರುವ ನಮ್ಮೂರಿನವನ ಕಣ್ಣೇ ಎಂದು ತಿಳಿಯಿರಿ.

ಹೊಂದಿಸುವ ಕ್ರಮ: ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ಟ್ರ್ಯಾಕ್ಟರ್ ನಿಲ್ಲಿಸಿ. ದೀಪದ ನಡುವಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ. ಡಿಮ್ ಬೆಳಕಿನ ಮೇಲಂಚು ಆ ಗೆರೆಗಿಂತ 15ರಿಂದ 20 ಸೆಂಟಿಮೀಟರ್ ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ. ಹಿಂದೆ ಭಾರ ಕಟ್ಟಿದಾಗ ಮೂತಿ ಮೇಲೇಳುತ್ತದೆ. ಆದುದರಿಂದ ಟ್ರೇಲರ್ ಲೋಡಿನೊಂದಿಗೆ ಇನ್ನೊಮ್ಮೆ ನೋಡಿ. ಹೊಲದ ದೀಪಗಳಿಗೆ ಪ್ರತ್ಯೇಕ ಸ್ವಿಚ್ಚು ಇರಲಿ. ರಸ್ತೆಗೆ ಬಂದೊಡನೆ ಅವು ಆರಲೇಬೇಕು.

ಹಿಂದಿನ ಕೆಂಪು ದೀಪ ಮರೆಯಬೇಡಿ

ದೀಪಕ್ಕೆಂದು ಹಣ ಕಟ್ಟಿಟ್ಟವರಿಗೆ ನನ್ನ ಮೊದಲ ಸಲಹೆ, ಆ ಹಣವನ್ನು ಟ್ರೇಲರಿನ ಹಿಂದೆ ಖರ್ಚು ಮಾಡಿ ಎಂದು. ಮುಂದಿನ ದೀಪ ನಮಗೆ ದಾರಿ ತೋರಿಸುತ್ತದೆ. ಹಿಂದಿನ ದೀಪ ನಮ್ಮನ್ನು ಇನ್ನೊಬ್ಬರಿಗೆ ತೋರಿಸುತ್ತದೆ. ನಿಧಾನವಾಗಿ ಹೋಗುವ ಕಬ್ಬಿನ ಲೋಡು ಹಿಂದಿನಿಂದ ವೇಗವಾಗಿ ಬರುವವನಿಗೆ ಕತ್ತಲಲ್ಲಿ ಕತ್ತಲಾಗಿಯೇ ಇರುತ್ತದೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಟ್ರ್ಯಾಕ್ಟರು, ಬೈಕು, ಆಟೋಗಳಿಗೆ ಪ್ರವೇಶ ನಿಲ್ಲಿಸಲಾಯಿತು. ಅವೆಲ್ಲ ಪಕ್ಕದ ಸರ್ವಿಸ್ ರಸ್ತೆಗೆ ಬಂದವು. ಅಂದರೆ ನಮ್ಮ ಟ್ರೇಲರಿನ ಹಿಂದೆ ಬರುವವನು ಬೈಕಿನವನು. ಅವನಿಗೆ ಕಾರಿನ ತಗಡಿನ ರಕ್ಷಣೆಯೂ ಇಲ್ಲ.

ಹಿಂದಿನ ದೀಪಕ್ಕೆ ಎಲ್‌ಇಡಿ ಬಹಳ ಒಪ್ಪುತ್ತದೆ. ನಡುಕಕ್ಕೆ ಜಗ್ಗದು, ಉದ್ದ ವೈರಿನಲ್ಲೂ ಮಂಕಾಗದು. ಆದರೆ ಕಬ್ಬಿನ ಗರಿ ಇಳಿಬಿದ್ದು ದೀಪ ಮುಚ್ಚುವುದುಂಟು. ಲೋಡು ಕಟ್ಟಿದ ಮೇಲೆ 20 ಹೆಜ್ಜೆ ಹಿಂದೆ ಹೋಗಿ ನಿಂತು ನೋಡಬೇಕು. ವಿದ್ಯುತ್ತಿಲ್ಲದೆಯೂ ಹೊಳೆಯುವ ಪ್ರತಿಫಲಕ ಪಟ್ಟಿ ಅಂಟಿಸಿ: ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಎತ್ತಿನ ಗಾಡಿಗೂ ಇದು ಬೇಕು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಸಭಿಕರ ಪ್ರಶ್ನೆಗಳು

"ಸ್ವಾಮಿ, ಸಿಗ್ನಲ್ ದೀಪಕ್ಕೆ ಎಲ್‌ಇಡಿ ಹಾಕಿದ ಮೇಲೆ ಪಟಪಟನೆ ಬಡಿದುಕೊಳ್ಳುತ್ತದೆ. ಏಕೆ?"

ಹಳೆಯ ಫ್ಲಾಷರ್ ಬಲ್ಬಿನ ಭಾರ ನೋಡಿ ಮಿಟುಕುತ್ತದೆ. ಭಾರ ಕಡಿಮೆಯಾದಾಗ ಒಂದು ಬಲ್ಬು ಹೋಗಿದೆ ಎಂದು ತಿಳಿದು ಬೇಗ ಮಿಟುಕುತ್ತದೆ. ಎಲ್‌ಇಡಿಗೆ ತಕ್ಕ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿ.

"ಎಲ್‌ಇಡಿ ಹಾಕಿದರೆ ಡೀಸೆಲ್ ಉಳಿಯುತ್ತದೆಯೇ ಸಾರ್?"

ಲೆಕ್ಕಕ್ಕೆ ಸಿಗುವಷ್ಟು ಉಳಿಯುವುದಿಲ್ಲ. ಆಲ್ಟರ್ನೇಟರಿನ ಮೇಲೆ ಭಾರ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಹಾಗೆ ಹೇಳಿ ಮಾರುವವರಿದ್ದರೆ ನಂಬಬೇಡಿ.

"ವೆಲ್ಡಿಂಗ್ ಮಾಡಿಸಿದ ಮೇಲೆ ಹೊಸ ದೀಪ ಸತ್ತುಹೋಯಿತು."

ಟ್ರ್ಯಾಕ್ಟರಿನ ಮೇಲೆ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿಯ ಕೇಬಲ್ಲು ಮತ್ತು ಎಲ್‌ಇಡಿಯ ಪ್ಲಗ್ಗು ಎರಡನ್ನೂ ಕಳಚಬೇಕು. ಒಳಗಿನ ಎಲೆಕ್ಟ್ರಾನಿಕ್ ಭಾಗ ಆ ಹೊಡೆತ ತಡೆಯುವುದಿಲ್ಲ.

ಕೊನೆಯ ಮಾತು. ಕ್ರಮ ಹೀಗಿರಲಿ: ಮೊದಲು ಹಿಂದಿನ ಕೆಂಪು ದೀಪ ಮತ್ತು ಪಟ್ಟಿ, ಎರಡನೆಯದು ಅರ್ಥ್, ವೈರು, ಫ್ಯೂಸು, ಮೂರನೆಯದು ಹೊಲದ ಎಲ್‌ಇಡಿ, ರಸ್ತೆಯ ಹೆಡ್‌ಲೈಟು ಕೊನೆಗೆ. ಹೊಸ ದೀಪ ಹಾಕಿದ ದಿನ ಹಗಲಿನಲ್ಲೇ ಪೂರ್ತಿ ವೇಗದಲ್ಲಿ ಅರ್ಧ ಗಂಟೆ ಓಡಿಸಿ ನೋಡಿ, ಆಮೇಲೆ ರಾತ್ರಿ ಗದ್ದೆಗೆ ಇಳಿಸಿ. ಮೊದಲ ರಾತ್ರಿ ಜೇಬಿನಲ್ಲಿ ಒಂದು ಟಾರ್ಚು ಇರಲಿ. ನಾನು ನನ್ನ ತಮ್ಮನ ಕೈಗೆ ಅಂದು ಅದನ್ನೂ ಕೊಟ್ಟಿರಲಿಲ್ಲ.